ಮೈಲುಗಳಿಗಾಗಿ ಒಂದು ಶನಿವಾರ

“ಅವಳ ಹೆಸರೇನು?”

ನಾನು ಹೀಗೆ ಕೇಳಿದಾಗ ಪ್ರೇಮಕುಮಾರ ಚಹಾದ ಗ್ಲಾಸನ್ನು ತುಟಿಯವರೆಗೆ ತಂದಿದ್ದ. ಅಲ್ಲೇ ನಿಲ್ಲಿಸಿದ.

“ಯಾರ ಹೆಸರು?”

“ತಿಂಗಳಿಗೊಂದು ವೀಕೆಂಡ್ ಫೋನ್ ಸ್ವಿಚ್ ಆಫ್ ಮಾಡ್ಕೊಂಡು ಯಾರ ಹತ್ರ ಹೋಗ್ತೀಯೋ, ಅವಳ ಹೆಸರು.”

ಪುಣೆಯ ಮಗರಪಟ್ಟಾದ ಗೇಟಿನೆದುರು, ನಮ್ಮಿಬ್ಬರ ಆಫೀಸಿನವರೂ ಚಹಾ ಕುಡಿಯುವ ಆ ಟಪರಿ ಅಂಗಡಿಯಲ್ಲಿ ಎಲ್ಲರೂ ತಿರುಗಿ ನೋಡುವಂತೆ ಅವನು ನಕ್ಕ. ಚಹಾ ಅಂಗಿಯ ಮೇಲೆ ಚೆಲ್ಲಿತು. ನನಗೆ ಮೈಯೆಲ್ಲ ಉರಿಯಿತು. ಉರಿಯುತ್ತಿದ್ದರೂ ಅವನ ಎಡಗೆನ್ನೆಯ ಗುಳಿಯನ್ನು ನೋಡದೇ ಇರಲಾಗಲಿಲ್ಲ. ಹೋದ ವರ್ಷ ನನ್ನ ತಲೆ ಕೆಡಿಸಿದ್ದೇ ಆ ಗುಳಿ.

“ವಿಮಾನದಾಗ ಕೂಡ್ತೀನಿ, ಶಾಲಿನಿ. ಹೋಗ್ತೀನಿ, ಬರ್ತೀನಿ. ಅಷ್ಟ.”

“ಎಲ್ಲಿಗೆ?”

“ಎಲ್ಲಿಗರೆ. ಮೈಲ್ಸ್ ಭಾಳ ಸಿಗೂ ಕಡಿಗೆ.”

ಆಮೇಲೆ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ. ಹಾರಿದಷ್ಟೂ ದೂರಕ್ಕೆ ವಿಮಾನ ಕಂಪನಿಯವರು ಪಾಯಿಂಟು ಕೊಡುತ್ತಾರಂತೆ. ಅದೇ ಮೈಲ್ಸ್. ಮೈಲ್ಸ್ ಕೂಡಿದರೆ ಬೆಳ್ಳಿ ಕಾರ್ಡು ಚಿನ್ನದ್ದಾಗುತ್ತದಂತೆ. ಅದಕ್ಕಾಗಿ ಇವನು ಅಗ್ಗದ ಟಿಕೆಟ್ ಹುಡುಕಿ, ಶುಕ್ರವಾರ ಹೊರಟು, ಯಾವುದೋ ದೇಶದ ನೆಲ ಮುಟ್ಟಿ, ಭಾನುವಾರ ವಾಪಸು ಬರುತ್ತಾನಂತೆ.

“ಚಿನ್ನದ ಕಾರ್ಡ್ ಬಂದ್ರೆ ಏನು ಸಿಗುತ್ತೆ?”

“ಏರ್‌ಪೋರ್ಟ್ ಲೌಂಜ್‌ನಾಗ ಆರಾಮ್ ಕೂಡಲಿಕ್ಕೆ ಬಿಡ್ತಾರ.”

“ಆರಾಮಾಗಿ ಕೂತ್ಕೊಳ್ಳೋಕೆ ನಿಂಗೆ ಬರುತ್ತಾ?”

ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ರಸ್ತೆಯ ಕಡೆ ನೋಡುತ್ತ ನಿಂತ. ಇವನು ಯಾವಾಗಲೂ ಹೀಗೇ. ಸಿನಿಮಾದಲ್ಲಿ ಇಂಟರ್ವಲ್‌ಗೆ ಮೊದಲೇ ಏಳುತ್ತಾನೆ. ಹೋಟೆಲಿನಲ್ಲಿ ಬಾಗಿಲ ಹತ್ತಿರದ ಟೇಬಲ್ಲೇ ಬೇಕು.

“ನಾನು ನಂಬಲ್ಲ,” ಎಂದೆ.

“ಹಂಗಾದ್ರ ನೀನೂ ಬಾ.”

ಹೋಗುವುದಿಲ್ಲ ಎಂದೇ ಹೇಳಬೇಕಿತ್ತು. ಏಕೆಂದರೆ ಬರುವ ಭಾನುವಾರ ಸಂಜೆಯ ರೈಲಿಗೆ ನನ್ನ ಅಪ್ಪ ಅಮ್ಮ ಪುಣೆಗೆ ಬರುವವರಿದ್ದರು, ಇವನನ್ನು ನೋಡಲೆಂದೇ. ಮೈಸೂರಿನಲ್ಲಿ ಮೇಷ್ಟರಾಗಿದ್ದ ನನ್ನಪ್ಪ ಅನಂತರಾಮು ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: “ಜಾತಿ, ಊರು ಎಲ್ಲ ಆಮೇಲೆ ನೋಡೋಣ ಮಗು. ನಿಂಗೆ ಗ್ಯಾರಂಟಿ ಇದೆಯಾ ಅನ್ನೋದನ್ನ ಮಾತ್ರ ಹೇಳು. ನೀನು ಹೂಂ ಅಂದ್ರೆ ನಾವೂ ಹೂಂ.” ನಾನು ಬಂದ ಮೇಲೆ ಹೇಳುತ್ತೇನೆ ಎಂದಿದ್ದೆ. ಗ್ಯಾರಂಟಿ ಇರಲಿಲ್ಲ. ಪ್ರೀತಿ ಇತ್ತು, ಅದೂ ನಾಚಿಕೆ ಬಿಟ್ಟು ಇತ್ತು. ಆದರೆ ಈ ಮನುಷ್ಯ ನಿಲ್ಲುವವನೋ ಅಲ್ಲವೋ ಗೊತ್ತಿರಲಿಲ್ಲ. ಅವನ ಮನೆಯನ್ನೇ ನಾನು ನೋಡಿರಲಿಲ್ಲ. ಕೇಳಿದಾಗಲೆಲ್ಲ “ಕೆಲಸ ಇನ್ನೂ ಮುಗಿದಿಲ್ಲ” ಎನ್ನುತ್ತಿದ್ದ.

ಹಾಗಾಗಿ ಹೊರಟೆ. ನೋಡಿಯೇ ಬಿಡೋಣ ಎಂದು.

* * *

ಮುಂಬೈನಿಂದ ಮಾರಿಷಸ್‌ಗೆ ನೇರ ವಿಮಾನವಿದೆ. ನಾವು ಹೋಗಿದ್ದು ದುಬೈ ಸುತ್ತಿ. ಪುಣೆಯ ರಿಕ್ಷಾದವನು ಒಂದು ಗಲ್ಲಿ ಸುತ್ತು ಹಾಕಿದರೂ “ಕಾಯ್ ದಾದಾ, ಇಕ್ಡೂನ್ ಕಶಾಲಾ?”, ಈ ಕಡೆಯಿಂದ ಯಾಕಣ್ಣ, ಎಂದು ಜಗಳಕ್ಕೆ ನಿಲ್ಲುವ ಪ್ರೇಮಕುಮಾರ, ಇಲ್ಲಿ ಸುತ್ತು ಹೆಚ್ಚಾದಷ್ಟೂ ಹಿಗ್ಗುತ್ತಿದ್ದ.

ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟ. ಬೆಲ್ಟು ಹಾಕಿಕೊಳ್ಳಲು ಪರದಾಡುತ್ತಿದ್ದಾಗ ಅಡ್ಡ ಬಾಗಿ ತಾನೇ ಹಾಕಿದ. ಅಷ್ಟು ಹತ್ತಿರ ಬಂದವನು ಅಲ್ಲೇ ನಿಂತು ನನ್ನ ಕಣ್ಣು ನೋಡಿದ.

“ಇನ್ನೂ ಅಕಿ ಹೆಸರು ಬೇಕೇನು?”

“ಇನ್ನೂ ಪೂರ್ತಿ ನಂಬಿಲ್ಲ.”

“ಗಗನಸಖಿ ಬರ್ತಾಳ, ಕೇಳು. ಎಲ್ಲಾರೂ ಗುರ್ತಾಗ್ಯಾರ.”

ಅವನ ಭುಜಕ್ಕೆ ಗುದ್ದಿದೆ. ಗುದ್ದಿದ ಕೈಯನ್ನು ಅವನು ಹಿಡಿದುಕೊಂಡ, ವಿಮಾನ ಮೇಲೇರುವವರೆಗೂ ಬಿಡಲಿಲ್ಲ.

ಬೆಳಿಗ್ಗೆ ಮಾರಿಷಸ್ ಕಂಡಿತು. ಮೊದಲು ನೀಲಿ, ಆಮೇಲೆ ಹಸಿರು. ನಾನು ತೆಂಗಿನ ಮರ, ಬಿಳಿ ಮರಳು ಎಂದು ಕನಸು ಕಾಣುತ್ತಿದ್ದರೆ, ನನ್ನ ಮೇಲಿಂದ ಕತ್ತು ಚಾಚಿದ ಇವನು, “ಕಬ್ಬು ನೋಡು, ಎಲ್ಲಾ ಕಬ್ಬು! ಥೇಟ್ ಬಾರಾಮತಿ!” ಎಂದು ಕೂಗಿದ. ಎರಡು ವಿಮಾನ ಹತ್ತಿ, ಸಮುದ್ರ ದಾಟಿ ನಾವು ಪುಣೆಯ ಪಕ್ಕದ ಬಾರಾಮತಿಗೆ ಬಂದಿದ್ದೆವು. ನನಗೆ ನಗು ತಡೆಯಲಾಗಲಿಲ್ಲ.

ಕೈಯಲ್ಲಿದ್ದದ್ದು ಅರ್ಧ ದಿನ. ವಿಮಾನ ನಿಲ್ದಾಣದಿಂದ ಬಸ್ಸು ಹಿಡಿದು ಮಾಹೆಬೂರ್ ಎಂಬ ಪುಟ್ಟ ಊರಿಗೆ ಹೋದೆವು. ಸಮುದ್ರದ ದಂಡೆಯಲ್ಲಿ ಒಬ್ಬಾಕೆ ಕಾವಲಿಯ ಮೇಲಿನಿಂದ ತೆಳ್ಳಗಿನ ರೊಟ್ಟಿ ತೆಗೆದು, ಪಲ್ಯ ಸುರಿದು, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು. ಒಳಗೆ ಬೇಳೆಯ ಹೂರಣ.

“ಹೋಳಿಗಿ!” ಎಂದ ಪ್ರೇಮ್, ಬಾಯಿ ತುಂಬ ಇಟ್ಟುಕೊಂಡು. “ಬೆಲ್ಲ ಹಾಕೂದು ಮರ್ತಾರ, ಪಾಪ.”

ಮೆಣಸಿನಕಾಯಿ ಚಟ್ನಿ ನನ್ನ ಗಲ್ಲಕ್ಕೆ ಹತ್ತಿತ್ತು. ಅವನು ಹೆಬ್ಬೆರಳಿನಿಂದ ನಿಧಾನವಾಗಿ ಒರೆಸಿದ. ಒರೆಸಿಯಾದ ಮೇಲೂ ಬೆರಳು ಅಲ್ಲೇ ಇತ್ತು. ಗಾಳಿ ನನ್ನ ಕೂದಲನ್ನೆಲ್ಲ ಮುಖಕ್ಕೆ ತಂದು ಹಾಕುತ್ತಿತ್ತು. ಆ ಹೊತ್ತಿಗೆ ಅಪ್ಪ ಫೋನ್ ಮಾಡಿದ್ದರೆ, ಗ್ಯಾರಂಟಿ ಅಪ್ಪಾ, ನೂರಕ್ಕೆ ನೂರು ಎಂದುಬಿಡುತ್ತಿದ್ದೆ.

ಆಮೇಲೆ ನಾನು ಚಪ್ಪಲಿ ಬಿಟ್ಟು ನೀರಿಗಿಳಿದೆ. ಮೊಣಕಾಲಿನವರೆಗೆ ಬೆಚ್ಚನೆಯ ನೀರು. ತಿರುಗಿ ಕರೆಯೋಣವೆಂದರೆ ಅವನು ಬ್ಯಾಗು ಹೆಗಲಿಗೇರಿಸಿಕೊಂಡು ನಿಂತಿದ್ದ.

“ಹೋಗೋಣೇನು?”

“ಈಗ ತಾನೆ ಬಂದ್ವಿ! ಇನ್ನೂ ಎಷ್ಟೊಂದು ಟೈಮಿದೆ.”

“ಏರ್‌ಪೋರ್ಟ್‌ನಾಗ ಕೂತ್ರಾತು.”

“ಇಲ್ಲಿ ಕೂತ್ಕೊಳ್ಳೋಕೆ ಏನು ಕಷ್ಟ? ಸಮುದ್ರ ಇದೆ, ನಾನಿದೀನಿ. ಇನ್ನೇನು ಬೇಕು ನಿಂಗೆ?”

“ಯಾಕೋ ಸುಮ್ಮ ಕೂಡಲಿಕ್ಕೆ ಆಗವಲ್ದು ಶಾಲಿನಿ.” ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಕಣ್ಣು ಬಸ್ಸಿನ ದಾರಿಯ ಮೇಲಿತ್ತು.

ಒದ್ದೆ ಕಾಲಿಗೆ ಮರಳು ಮೆತ್ತಿಕೊಂಡು ನಾನು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಾಚೆಯ ಕಬ್ಬನ್ನೇ ನೋಡಿದೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹೊರಡುವ ಗೇಟಿನ ಹತ್ತಿರ ನಿಂತಿದ್ದಾಗ ಸಿಬ್ಬಂದಿಯ ಹುಡುಗಿಯೊಬ್ಬಳು ಮೈಕಿನಲ್ಲಿ ಹೇಳಿದಳು: ವಿಮಾನದಲ್ಲಿ ಸೀಟು ಕಡಿಮೆ ಬಿದ್ದಿದೆ. ನಾಳೆಯ ವಿಮಾನಕ್ಕೆ ಹೋಗಲು ಒಪ್ಪುವವರಿಗೆ ಹೋಟೆಲು, ಊಟ, ಜೊತೆಗೆ ಕೈತುಂಬ ಮೈಲ್ಸ್ ಕೊಡುತ್ತೇವೆ.

ಪ್ರೇಮಕುಮಾರ ಕೈ ಎತ್ತಿದ.

ಯೋಚಿಸಲಿಲ್ಲ, ನನ್ನ ಕಡೆ ನೋಡಲಿಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ಕೈ ತಾನಾಗಿ ಮೇಲೆ ಹೋಯಿತು. ನಾಳೆ ಸಂಜೆ ನನ್ನ ಅಪ್ಪ ಅಮ್ಮ ರೈಲಿನಿಂದ ಇಳಿಯುವಾಗ ಇವನು ಮಾರಿಷಸ್‌ನಲ್ಲಿ ಇರುತ್ತಾನೆ.

ನಾನು ಜಗಳ ಆಡಲಿಲ್ಲ. ಬಯ್ಯುವಷ್ಟು ಶಕ್ತಿಯೂ ಇರಲಿಲ್ಲ. ಬೋರ್ಡಿಂಗ್ ಪಾಸು ತೋರಿಸಿ ಒಳಗೆ ನಡೆದೆ. ಕಿಟಕಿಯ ಪಕ್ಕ ಕೂತು, ನಾಳೆ ಸಂಜೆ ಅಪ್ಪನಿಗೆ ಯಾವ ಮಾತಿನಲ್ಲಿ ಬೇಡ ಎನ್ನಲಿ ಎಂದು ಯೋಚಿಸಿದೆ. ಕಣ್ಣಿಗೆ ನೀರು ಬಂತು.

ಬಾಗಿಲು ಹಾಕುವ ಹೊತ್ತಿಗೆ ಪಕ್ಕದ ಸೀಟಿಗೆ ಯಾರೋ ಧೊಪ್ಪೆಂದು ಬಂದು ಕೂತರು.

“ಬ್ಯಾಡಂತ ಹೇಳಿ ಬಂದೆ,” ಎಂದ ಪ್ರೇಮ್. ಓಡಿ ಬಂದಿದ್ದರಿಂದ ಏದುಸಿರು ಬಿಡುತ್ತಿದ್ದ.

ನಾನು ಮುಖ ತಿರುಗಿಸಿದೆ. ದುಬೈ ಬಂತು, ಹೋಯಿತು. ಮುಂಬೈ ಬಂತು. ಟ್ಯಾಕ್ಸಿ ಘಾಟಿ ಹತ್ತಿತು. ಅವನು ಬೆರಳು ಲಟಿಕೆ ಮುರಿಯುತ್ತ, ಬಿಡುತ್ತ, ಮತ್ತೆ ಮುರಿಯುತ್ತ ಕೂತಿದ್ದ. ಪುಣೆ ಹತ್ತಿರವಾದಾಗ ಹೇಳಿದ: “ಒಂದ್ಸಲ ನನ್ ಮನಿಗೆ ಬಾ. ನೋಡು. ಆಮ್ಯಾಲ ನಿಮ್ಮಪ್ಪಾರಿಗೆ ಏನ್ ಹೇಳ್ತೀಯೋ ಹೇಳು.”

* * *

ಹಡಪಸರದಲ್ಲಿ, ಐದನೇ ಮಹಡಿ. ಹೊರಬಾಗಿಲು ತೆಗೆದು ಒಳಗೆ ಕರೆದ. ಗೋಡೆಗೆ ಬಣ್ಣ ಬಳಿದಿತ್ತು, ನೆಲಕ್ಕೆ ಟೈಲ್ಸು, ಅಡುಗೆಮನೆಯಲ್ಲಿ ಒಲೆ. ಕೆಲಸ ಮುಗಿದಿಲ್ಲ ಎಂದಿದ್ದು ಸುಳ್ಳು ಎನ್ನುವಷ್ಟರಲ್ಲಿ ಗಮನಿಸಿದೆ. ಮಲಗುವ ಕೋಣೆಗೆ ಚೌಕಟ್ಟಿತ್ತು, ಬಾಗಿಲಿರಲಿಲ್ಲ. ಇನ್ನೊಂದು ಕೋಣೆಗೂ ಇರಲಿಲ್ಲ. ಬಚ್ಚಲಿಗೂ ಇರಲಿಲ್ಲ. ಬಿಚ್ಚಿದ ಬಾಗಿಲುಗಳೆಲ್ಲ ಬಾಲ್ಕನಿಯಲ್ಲಿ, ಪ್ಲಾಸ್ಟಿಕ್ ಹೊದ್ದು ಗೋಡೆಗೆ ಒರಗಿದ್ದವು.

“ಇದೇನಿದು?”

“ಬಿಲ್ಡರ್ ಹಚ್ಚೇ ಕೊಟ್ಟಿದ್ದ. ನಾನೇ ಬಿಚ್ಚಿದೆ. ನಿದ್ದಿ ಬರ್ಲಿಲ್ಲ.”

ಅವನು ಖಾಲಿ ಚೌಕಟ್ಟಿಗೆ ಒರಗಿ ನಿಂತ. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು.

“ನಮ್ಮಪ್ಪ ಗೌಂಡಿ ಅಂತ ನಿನಗ ಗೊತ್ತದ. ಯಾದಗಿರಿಯಿಂದ ಬಂದು ಈ ಊರಾಗ ಅಪಾರ್ಟ್‌ಮೆಂಟ್ ಕಟ್ಟಿದ. ಅವ್ವ ಸಿಮೆಂಟ್ ಹೊತ್ತಳು. ಕಟ್ಟೂ ಬಿಲ್ಡಿಂಗಿನಾಗ ನಾವು ಇರ್ತಿದ್ವಿ. ಗ್ವಾಡಿ ಆದ್ವು ಅಂದ್ರ ನಂಗೂ ನಮ್ಮಕ್ಕ ದುರ್ಗಾಗೂ ಖುಷಿ. ಇದು ನನ್ ರೂಮು, ಅದು ನಿನ್ ರೂಮು ಅಂತ ಜಗಳಾಡ್ತಿದ್ವಿ. ಆಮ್ಯಾಲ ಒಂದಿನ ಬಡಗ್ಯಾರು ಬಾಗಿಲಾ ಹೊತ್ಕೊಂಡು ಬರ್ತಿದ್ರು. ಅವತ್ತ ಅವ್ವ ಬಾಂಡೆ-ಸಾಮಾನು ಕಟ್ಟಲಿಕ್ಕೆ ಸುರು ಮಾಡ್ತಿದ್ಲು. ಬಾಗಿಲಾ ಬಂದ್ವು ಅಂದ್ರ ನಾವು ಹೋಗಬೇಕು.”

ಅವನು ಬಾಲ್ಕನಿಯಲ್ಲಿ ಒರಗಿದ್ದ ಬಾಗಿಲುಗಳನ್ನು ನೋಡಿದ.

“ಬಾಗಿಲಾ ಇರೂ ಮನ್ಯಾಗ ನಾ ಮಲಗಿದ್ದೇ ಇಲ್ಲ ಶಾಲಿನಿ, ಕಾಲೇಜಿಗೆ ಹೋಗೂತನಕ. ಈಗ್ಲೂ ಹಂಗ. ಏನರೆ ಪೂರ್ತಿ ಆಗ್ಲಿಕತ್ತು ಅಂದ್ರ ಎದಿ ಹೊಡ್ಕೋತದ. ಯಾರರೆ ಬಂದು ‘ನಡೀರಿ’ ಅನ್ನೂದ್ರೊಳಗ ನಾನೇ ಎದ್ದು ಹೋಗ್ತೀನಿ. ವಿಮಾನದಾಗ ಆ ಅಂಜಿಕಿ ಇಲ್ಲ. ಅಲ್ಲಿ ಎಲ್ಲಾರೂ ಹೋಗವ್ರ.” ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. “ನಿಮ್ಮಪ್ಪ ಅವ್ವ ಬರ್ತಾರಂದಾಗಿಂದ ಬಡಗ್ಯಾರು ಬಂದಂಗ ಆಗೇದ. ಇನ್ನ ನೀನೂ ‘ಹೋಗು’ ಅಂತೀ.”

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹತ್ತಿರ ಹೋಗಿ ಅವನ ಹೆಗಲಿನ ಬ್ಯಾಗು ತೆಗೆದು ಕೆಳಗಿಟ್ಟೆ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆ.

“ನೋಡು, ನಾನು ಜಗಳ ಆಡ್ತೀನಿ. ಮಾತು ಬಿಡ್ತೀನಿ. ಸಿಟ್ಟು ಬಂದ್ರೆ ತಟ್ಟೆನೂ ಎಸೀತೀನಿ. ಆದ್ರೆ ಹೋಗು ಅಂತ ಯಾವತ್ತೂ ಅನ್ನಲ್ಲ. ಅರ್ಥ ಆಯ್ತಾ? ಆ ಒಂದು ಮಾತು ನನ್ನ ಬಾಯಲ್ಲಿ ಬರಲ್ಲ.”

ಅವನು ತಲೆಯಾಡಿಸಿದ. ಹಣೆಯನ್ನು ನನ್ನ ಹಣೆಗೆ ತಾಗಿಸಿ ಕಣ್ಣು ಮುಚ್ಚಿದ. ಅವನ ಕಣ್ಣೀರು ನನ್ನ ಕೆನ್ನೆಗೆ ಇಳಿಯುತ್ತಿತ್ತು. ಅದು ನಿಲ್ಲುವವರೆಗೆ ನಾನು ಹಾಗೇ ನಿಂತಿದ್ದೆ.

“ಮತ್ತ... ಬಾಗಿಲಾ?” ಎಂದ.

“ಎಲ್ಲ ಬಾಗಿಲು ಇವತ್ತೇ ಬೇಡ. ನಿಂಗೆ ಯಾವಾಗ ಆಗುತ್ತೋ ಆವಾಗ. ಆದ್ರೆ ಬಚ್ಚಲಿಂದು ಈಗಲೇ ಬೇಕು. ಅಮ್ಮ ಒಂದು ರಾತ್ರಿ, ಒಂದು ಹಗಲು ರೈಲಲ್ಲಿ ಕೂತು ಬರ್ತಾಳೆ. ಬಂದ ತಕ್ಷಣ ಅಳಿಯ ಎಲ್ಲಿ ಅಂತ ಕೇಳಲ್ಲ, ಬಾತ್‌ರೂಮ್ ಎಲ್ಲಿ ಅಂತ ಕೇಳ್ತಾಳೆ.”

ಅಳುತ್ತಿದ್ದವನು ನಕ್ಕುಬಿಟ್ಟ. ಆಮೇಲೆ ತಡೆದು ಕೇಳಿದ: “ಅಳಿಯ ಅಂದೆಲ್ಲ?”

“ಬಾಯಿ ತಪ್ಪಿ ಬಂತು.”

“ಇನ್ನೊಮ್ಮೆ ತಪ್ಪು ನೋಡೋಣ.”

“ಮೊದಲು ಬಾಗಿಲು.”

ಬಡಗಿಗೆ ಫೋನ್ ಮಾಡಿದರೆ, “ಆಜ್ ರವಿವಾರ್ ಆಹೇ ಸಾಹೇಬ್,” ಎಂದು ಭಾನುವಾರದ ನೆಪ ಹೇಳಿ ಇಟ್ಟುಬಿಟ್ಟ. ನಾವೇ ಬಾಗಿಲು ಎತ್ತಿ ತಂದೆವು. ನಾನು ಅದನ್ನು ಅಪ್ಪಿ ಹಿಡಿದು ನಿಂತೆ, ಅವನು ಮೊಣಕಾಲೂರಿ ಸ್ಕ್ರೂ ಹಾಕತೊಡಗಿದ. ಎರಡು ಸಲ ಸ್ಕ್ರೂಡ್ರೈವರ್ ಕೈಜಾರಿತು. ಒಂದು ಸಲ ಎದ್ದು ಬಾಲ್ಕನಿಗೆ ಹೋಗಿ ಬೀದಿ ನೋಡುತ್ತ ನಿಂತ. ನಾನು ಕರೆಯಲಿಲ್ಲ. ತಾನಾಗಿ ವಾಪಸು ಬಂದ. ತೋಳು ನೋಯುತ್ತಿದ್ದರೂ ನಾನು ಬಾಗಿಲು ಬಿಡಲಿಲ್ಲ. ಅಪ್ಪ ಕೇಳಿದ್ದ ಪ್ರಶ್ನೆಗೆ ಉತ್ತರ ನನಗೆ ಆಗಲೇ ಸಿಕ್ಕಿಬಿಟ್ಟಿತ್ತು.

ಕೊನೆಯ ಸ್ಕ್ರೂ ಬಿಗಿಯುವ ಮೊದಲೇ ಅಮ್ಮನ ಫೋನು ಬಂತು.

“ರೈಲು ಇಳಿದ್ವಿ ಕಣೇ. ನಿನ್ನ ರೂಮಿಗೆ ಬರೋದಾ, ಹೋಟೆಲಿಗಾ?”

“ಪ್ರೇಮ್ ಮನೆಗೇ ಬನ್ನಿ ಅಮ್ಮಾ. ಲೊಕೇಷನ್ ಕಳಿಸ್ತೀನಿ.”

“ಅವರ ಮನೆಗಾ? ಒಂದೇ ಸಲಕ್ಕೆ?” ಹಿಂದಿನಿಂದ ಅಪ್ಪನ ದನಿ ಕೇಳಿತು: “ಅವಳು ಹೂಂ ಅಂದಳೇನು, ಕೇಳು.”

“ಹೂಂ ಅಂತ ಹೇಳಮ್ಮ ಅಪ್ಪಂಗೆ,” ಎಂದೆ. ಪ್ರೇಮಕುಮಾರ ತಲೆಯೆತ್ತಿ ನೋಡಿದ. ಆಮೇಲೆ ಕೊನೆಯ ಸ್ಕ್ರೂ ಬಿಗಿದ.

ಬೆಲ್ಲು ಆದಾಗ ಅವನು ಬಚ್ಚಲ ಬಾಗಿಲನ್ನು ಹಾಕಿ ತೆಗೆದು ನೋಡುತ್ತಿದ್ದ. ಬೆಲ್ಲಿನ ಸದ್ದಿಗೆ ಕೈ ಅಲ್ಲೇ ನಿಂತಿತು. ನನ್ನ ಕಡೆ ನೋಡಿದ. ನಾನು ನಿಂತಲ್ಲೇ ನಿಂತೆ. ಹೊರಬಾಗಿಲನ್ನು ಅವನೇ ತೆಗೆಯಬೇಕಿತ್ತು.

ಅಂಗಿಗೆ ಕೈ ಒರೆಸಿಕೊಂಡು ಹೋಗಿ ತೆಗೆದ. ಹೊರಗೆ ಅಪ್ಪ ಬ್ಯಾಗು ಹಿಡಿದು ಸಂಕೋಚದಿಂದ ನಿಂತಿದ್ದರು. ಅಮ್ಮ ಆಗಲೇ ಚಪ್ಪಲಿ ಬಿಡುತ್ತಿದ್ದಳು.

ಅವನು ಅಪ್ಪನ ಕೈಯಿಂದ ಬ್ಯಾಗು ತೆಗೆದುಕೊಂಡ.

“ಬರ್ರಿ,” ಎಂದ. “ಒಳಗ ಬರ್ರಿ. ಇದು ನಮ್ಮ ಮನಿ.”