ಹಾಯಿಯ ಆಚೆಯ ಕೈ

ಕಳೆದ ಆಷಾಢದ ಮಧ್ಯಾಹ್ನ. ಶಿಕಾರಿಪುರದ ಹತ್ತಿರದ ಹಿನ್ನೀರಿನಲ್ಲಿ, ಭಾವ ಮಾಲತೇಶ್ ಅವರ ಪುಟ್ಟ ಹಾಯಿದೋಣಿಯಲ್ಲಿ ನಾವಿಬ್ಬರೇ ಇದ್ದೆವು. ಇದ್ದಕ್ಕಿದ್ದಂತೆ ಗಾಳಿ ಎದ್ದು ದೋಣಿ ವಾಲಿತು.

"ಹಾಯಿ ಅರ್ಧ ಇಳಿಸಿ ಮಡಚಿ ಕಟ್ಟೋ ಮಾರಾಯ! ಇಲ್ದಿದ್ರೆ ಇಬ್ರಿಗೂ ಇಲ್ಲೇ ಗಂಗಾಸ್ನಾನ!" ಎಂದರು ಭಾವ.

ಕಟ್ಟಲು ನಾಲ್ಕು ಹಗ್ಗಗಳಿದ್ದವು. ಶಿವಶಿವಾ ಎನ್ನುತ್ತ ಒಂದೊಂದರ ತುದಿಯನ್ನೂ ಹಾಯಿಬಟ್ಟೆಯ ಕೆಳಗಿಂದ ಆಚೆಗೆ ಚಾಚತೊಡಗಿದೆ. ಬಟ್ಟೆಯ ಮರೆಯಿಂದ ಭಾವ ಅದನ್ನು ಹಿಡಿದು ಮೇಲಿಂದ ವಾಪಸ್ ಕೊಡುತ್ತಿದ್ದರು. ತಾಗಿದ ಬೆರಳು ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು.

ಮೂರು ಗಂಟು ಬಿದ್ದವು. "ಇನ್ನೊಂದೇ, ಹಿಡ್ಕಳ್ರಿ ಭಾವ" ಎಂದೆ.

"ನಾನೆಲ್ಲಿ ಹಿಡೀಲೋ? ಚುಕ್ಕಾಣಿ ಬಿಟ್ಟು ಬರ್ಲಾ?"

ದನಿ ನನ್ನ ಬೆನ್ನ ಹಿಂದಿನಿಂದ ಬಂತು. ತಿರುಗಿ ನೋಡಿದರೆ, ಅವರ ಎರಡೂ ಕೈ ಚುಕ್ಕಾಣಿಯ ಮೇಲಿದ್ದವು.

ನೀರು ಒಳಗೆ ನುಗ್ಗುತ್ತಿತ್ತು. ಕಣ್ಣು ಮುಚ್ಚಿ ನಾಲ್ಕನೆಯ ತುದಿಯನ್ನೂ ಆಚೆಗೆ ಚಾಚಿದೆ.

ಅದು ಮೇಲಿಂದ ಕೈಗೆ ಬಂತು. ಕಟ್ಟಿದೆ.