ಬಾತು ಇಳಿಯದ ಕೆರೆ

ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿದ ಮೇಲೆ ಕೆರೆಯ ಬಾತುಗಳಿಗೂ ಅದರಲ್ಲೇ ಒಂದು ಹಿಡಿ ಹಾಕಿ ಬರುವುದು ನಮ್ಮ ಮನೆಯ ರೂಢಿ. ಈ ವರ್ಷ ಕೆರೆಯಲ್ಲಿ ಒಂದು ಬಾತೂ ಇರಲಿಲ್ಲ. ಆದರೆ ನಡು ಮಧ್ಯಾಹ್ನ ತಲೆಯ ಮೇಲೆ ರೆಕ್ಕೆಗಳ ಸದ್ದು ಬಂತು. ನೂರಾರು ಹಕ್ಕಿಗಳು ಒಟ್ಟಿಗೆ ನೀರಿಗೆ ಇಳಿದಂತೆ ಕೇಳಿಸಿತು. ನೀರು ಮಾತ್ರ ಅಲುಗಲಿಲ್ಲ. ಕೈಯಿಟ್ಟರೆ ಜ್ವರ ಬಂದ ಮೈಯಂತೆ ಬೆಚ್ಚಗಿತ್ತು.

ನಾನು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅಡುಗೆಗೆ ನಳದಲ್ಲಿ ಬರುವುದು ಇದೇ ಕೆರೆಯ ನೀರು, ಉಣ್ಣುವವರಲ್ಲಿ ನನ್ನ ಮಗಳೂ ಇದ್ದಾಳೆ. ಪಂಚಾಯಿತಿ ಮೆಂಬರ್ ಮಾಣಿಕರಾವ್ ಅವರ ಮನೆಗೆ ಹೋಗಿ, ಈ ನೀರು ನಿಲ್ಲಿಸಿ ಎಂದೆ.

"ಬಾತುಕೋಳಿ ಬಂದಿಲ್ಲಂತ ನಳ ಬಂದ್ ಮಾಡ್ಬೇಕೇನವ್ವಾ? ಅವುಗಳ ಕಡಿಂದೇ ಒಂದು ಅರ್ಜಿ ಬರಸ್ಕೊಂಡ್ ಬಾ," ಎಂದು ನಕ್ಕರು.

"ನೀವೇ ಬಂದು ಒಂದೀಟು ನಿಂದರ್ರಿ," ಎಂದು ಮರುದಿನ ಅದೇ ಹೊತ್ತಿಗೆ ದಡಕ್ಕೆ ಕರೆದೊಯ್ದೆ. ಸದ್ದು ಬಂತು. ಅವರು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು.

"ಕೇಳಿಸ್ತಲ್ರಿ?"

"ಏನಿಲ್ಲ. ಗಾಳಿ ಅದ," ಎಂದರು. ದಡದ ಜೊಂಡು ನೆಟ್ಟಗೆ ನಿಂತಿತ್ತು.

ಆ ಸಂಜೆಯಿಂದ ಮಾಣಿಕರಾವ್ ಅವರ ಮನೆಗೆ ಶಹಾಬಾದಿನಿಂದ ಕ್ಯಾನ್ ನೀರು ಬರುತ್ತಿದೆ. ಶಾಲೆಯ ನಳ ಇನ್ನೂ ಬಂದ್ ಆಗಿಲ್ಲ.