ಮುಚ್ಚಳವಿಲ್ಲದ ಬುಟ್ಟಿ

ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ಬಿದಿರಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಮುಷ್ಟಿರಾಯ ಎಂಬ ಮಾಂತ್ರಿಕ ಆಳುತ್ತಿದ್ದ. ಅವನ ಬಲವೆಲ್ಲ ಅವನ ಬಲಗೈ ಮುಷ್ಟಿಯಲ್ಲಿತ್ತು. ಅವನು ಹಿಡಿದದ್ದು ಎಷ್ಟು ದೊಡ್ಡದಾಗಿದ್ದರೂ ಸಾಸಿವೆಯಷ್ಟಾಗಿ ಆ ಮುಷ್ಟಿಯೊಳಗೆ ಸೇರಿಬಿಡುತ್ತಿತ್ತು. ಹಳೆಯ ರಾಜ, ರಾಜನ ಆನೆ, ಊರಿನ ಗಿಳಿಗಳು, ಹಣ್ಣಿನ ಸಮೇತ ಒಂದು ಮಾವಿನ ತೋಪು, ಎಲ್ಲವೂ ಅದರೊಳಗಿದ್ದವು. ಮಲಗಿದರೆ ಬೆರಳು ಸಡಿಲಾದೀತೆಂದು ಅವನು ಎಂದೂ ಮಲಗುತ್ತಿರಲಿಲ್ಲ.

ಕೋಟೆಯ ಕೆಳಗೆ ಮೇದರ ಬೀದಿ. ಅಲ್ಲಿ ಹೂವಿ ಎಂಬುವಳು ಬುಟ್ಟಿ ಹೆಣೆದು ಬದುಕುತ್ತಿದ್ದಳು. ಅಪ್ಪ, ಅವ್ವ ಇಬ್ಬರೂ ಒಂದೇ ಜ್ವರದಲ್ಲಿ ತೀರಿಕೊಂಡ ಮೇಲೆ ತಂಗಿ ಚಿಗುರಿಯನ್ನು ಸಾಕಿ ಬೆಳೆಸಿ ಮದುವೆ ಮಾಡಿದವಳು ಅವಳೇ. ಚಿಗುರಿಯ ಗಂಡ ಬಿದಿರಿನ ತೆಪ್ಪ ಕಟ್ಟಿಕೊಂಡು ಹೊಳೆಯ ಕೆಳಗಿನ ಸೀಮೆಗೆ ಹೋಗಿದ್ದ. ಹಾಗಾಗಿ ಬಾಣಂತನಕ್ಕೆ ಅವಳು ಅಕ್ಕನ ಮನೆಗೆ ಬಂದಿದ್ದಳು. ಅವಳಿ ಮಕ್ಕಳು ಹುಟ್ಟಿದ್ದವು, ಒಂದು ಗಂಡು, ಒಂದು ಹೆಣ್ಣು. ಹೂವಿ ಬೆರಳು ಚಾಚಿದರೆ ಎರಡೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದವು. ಆಗ ಚಿಗುರಿ ತೊಟ್ಟಿಲು ತೂಗಿ ಹಾಡುತ್ತಿದ್ದಳು:

“ಮಲಗು ಮಲಗು ಕಂದ, ಹಿಡಿದದ್ದ ಬಿಡು ಕಂದ,
ಬಿಟ್ಟದ್ದು ಎಲ್ಲೂ ಹೋಗದು, ಬೆಳಗಾದರೆ ಇಲ್ಲೇ ಇರುವುದು.”

ನಿದ್ದೆ ಬಂದಂತೆ ಆ ಸಣ್ಣ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು.

“ನೋಡಕ್ಕ, ಎಚ್ಚರ ಇರೋ ತನಕ ಎಷ್ಟು ಜಿಪುಣರು,” ಎಂದು ಚಿಗುರಿ ನಗುತ್ತಿದ್ದಳು.

ಒಂದು ಮಧ್ಯಾಹ್ನ ಆ ಜೋಗುಳ ಗಾಳಿಯ ಜೊತೆ ಕೋಟೆಗೆ ಏರಿತು. ಮುಷ್ಟಿರಾಯನ ಕಣ್ಣು ನಿದ್ದೆಗೆ ಎಳೆಯಿತು. ಕಿರುಬೆರಳು ಸಡಿಲಿ ಒಂದು ಗಿಳಿ ಹಾರಿಹೋಯಿತು. ಅವನು ಬೆಚ್ಚಿಬಿದ್ದು, ನೇರ ಮೇದರ ಬೀದಿಗೆ ಇಳಿದು ಬಂದ.

“ಈ ಹಾಡು ನಿಲ್ಲಬೇಕು,” ಎಂದ.

“ಮಕ್ಕಳು ಮಲಗಬೇಕಲ್ಲ ರಾಯರೆ,” ಎಂದಳು ಚಿಗುರಿ.

“ಹಾಗಾದರೆ ಹಾಡಲು ಬಾರದ ಬಾಯಿ ನಿನಗಿರಲಿ. ಬೆಕ್ಕಾಗು. ಮಕ್ಕಳು ಮರಿಗಳಾಗಲಿ. ಮನುಷ್ಯರನ್ನು ಕಂಡರೆ ಬೆದರಿ ಓಡು. ಯಾರ ಕೈ ನಿಮ್ಮನ್ನು ಹಿಡಿದರೂ ಹಿಡಿದದ್ದು ನನ್ನ ಮುಷ್ಟಿಗೆ ಬರಲಿ.” ಹೊಸ್ತಿಲ ಹತ್ತಿರ ನಿಂತು ತಿರುಗಿ ನೋಡಿ ಅವನು ನಕ್ಕ. “ಹಿಡಿಯದೆ ಯಾರಾದರೂ ನಿಮ್ಮನ್ನು ಮನೆ ತುಂಬಿಸಿಕೊಂಡರೆ ಶಾಪ ಕಳೆಯಲಿ. ಹಿಡಿಯದೆ ಏನನ್ನಾದರೂ ಪಡೆದವರುಂಟೆ?”

ತೊಟ್ಟಿಲು ಬರಿದಾಯಿತು. ಬೂದುಬಣ್ಣದ ತಾಯಿಬೆಕ್ಕೊಂದು ಒಂದು ಕೆಂಚು ಮರಿಯನ್ನೂ ಒಂದು ಕಪ್ಪುಬಿಳಿ ಮರಿಯನ್ನೂ ಒಂದಾದ ಮೇಲೊಂದು ಕಚ್ಚಿಕೊಂಡು ಹೋಗಿ ಹಿತ್ತಿಲ ಸೌದೆ ರಾಶಿಯ ಹಿಂದೆ ಅಡಗಿತು.

ಹೂವಿ ಅಳುತ್ತ ಕೂರಲಿಲ್ಲ. ಅವನು ಹೇಳಿದ್ದು ಕೈ ಎಂದು. ಕೈಯಲ್ಲಿ ಹಿಡಿಯದೆ ಬುಟ್ಟಿಯಲ್ಲಿ ಹಿಡಿದರೆ? ಬುಟ್ಟಿ ಹೆಣೆಯುವವರಿಗೆ ಮಾತ್ರ ಹೊಳೆಯುವ ಯೋಚನೆ ಅದು. ಕೋಳಿ ಮುಚ್ಚುವ ದೊಡ್ಡ ಮಂಕರಿಯನ್ನು ಒಂದು ಕಡ್ಡಿಯ ಆಸರೆಯಲ್ಲಿ ಓರೆಯಾಗಿ ನಿಲ್ಲಿಸಿದಳು. ಕೆಳಗೆ ಹಾಲನ್ನ ಇಟ್ಟಳು. ಕಡ್ಡಿಗೆ ದಾರ ಕಟ್ಟಿ, ತುದಿ ಹಿಡಿದು ಬಾಗಿಲ ಹಿಂದೆ ಕಾದಳು.

ಕೆಂಚು ಮರಿ ಪುಟ್ಟ ಹೆಜ್ಜೆ ಇಡುತ್ತ ಬಂತು. ಹೂವಿ ದಾರ ಎಳೆದಳು. ಮಂಕರಿ ಬಿತ್ತು, ಒಳಗಿನಿಂದ ಒಂದು ಸಣ್ಣ ಕೂಗು ಕೇಳಿತು. ಓಡಿಹೋಗಿ ಎತ್ತಿ ನೋಡಿದರೆ ಕೆಳಗೆ ಹಾಲನ್ನ ಬಿಟ್ಟು ಏನೂ ಇರಲಿಲ್ಲ. ಅದೇ ಸಣ್ಣ ಕೂಗು ಈಗ ಕೋಟೆಯ ಮೇಲಿನಿಂದ ಕೇಳಿಬಂತು.

“ಬುಟ್ಟಿ ಹೆಣೆದ ಕೈ ಯಾರದು? ದಾರ ಎಳೆದ ಕೈ ಯಾರದು?” ಎಂದಿತು ಗೋಡೆಯ ಮೇಲಿನಿಂದ ಒಂದು ದನಿ. ನೋಡಿದರೆ ಕಿವಿ ಹರಿದ ಒಂದು ಮುದಿ ಗಂಡುಬೆಕ್ಕು.

“ನೀನು ಮಾತಾಡ್ತೀಯಾ?” ಎಂದಳು ಹೂವಿ.

“ಒಣಮೀನಿನ ತಲೆ ಸಿಕ್ಕಿದರೆ ಒಳ್ಳೆ ಮಾತಾಡ್ತೀನಿ. ಸಿಗದಿದ್ದರೆ ಬೈಗುಳ ಮಾತ್ರ.”

ಹೂವಿ ಮೀನಿನ ತಲೆ ತಂದಿಟ್ಟಳು. ಮುರುಕಿವಿ ಬೆಕ್ಕು ಅದನ್ನು ತಿಂದು, ಮೀಸೆ ನೆಕ್ಕಿಕೊಂಡು ಹೇಳಿತು: “ಕೇಳು ಮೇದರಕ್ಕ. ಬೆಕ್ಕನ್ನು ತರೋದು ಅಂತ ಇಲ್ಲ. ಬೆಕ್ಕು ಬರುತ್ತೆ, ಇಲ್ಲವಾದರೆ ಬರಲ್ಲ. ನಿನಗೆ ಮೂರು ಪರೀಕ್ಷೆ ಇದೆ. ಉಣ್ಣೋಕೆ ಇಟ್ಟಾಗ ನೋಡಬಾರದು. ಹೋದಾಗ ಹಿಂದೆ ಹೋಗಬಾರದು. ಮೂರನೆಯದು ನಾನು ಹೇಳಲ್ಲ, ಅದು ಬಂದಾಗ ನಿನಗೇ ಗೊತ್ತಾಗುತ್ತೆ.”

“ಇಷ್ಟೇನಾ?”

“ಮಾಡಿ ನೋಡು. ಆಮೇಲೆ ‘ಇಷ್ಟೇನಾ’ ಅನ್ನು.”

ಮರುದಿನದಿಂದ ಹೂವಿ ಬೆಳಗ್ಗೆ ಒಲೆ ಹಚ್ಚಿದ ಕೂಡಲೇ ಹಿತ್ತಿಲ ಮೆಟ್ಟಿಲ ಮೇಲೆ, ಅದೇ ಜಾಗದಲ್ಲಿ, ಒಂದು ಕರಟದ ತುಂಬ ಹಾಲನ್ನ ಇಡತೊಡಗಿದಳು. ಇಟ್ಟು, ಬೆನ್ನು ತಿರುಗಿಸಿ ಕೂತು ಬಿದಿರು ಸೀಳುತ್ತಿದ್ದಳು. ಹಿಂದೆ ನಾಲಿಗೆ ಚಪ್ಪರಿಸುವ ಸದ್ದು ಕೇಳುತ್ತಿತ್ತು. ತಂಗಿ ಉಣ್ಣುತ್ತಿದ್ದಾಳೆ, ನೋಡಬಾರದು. ಕತ್ತು ತಾನಾಗಿ ಹೊರಳುತ್ತಿತ್ತು. ಒಮ್ಮೆ ತಡೆಯಲಾರದೆ ತಿರುಗಿಯೇಬಿಟ್ಟಳು. ಬೂದುಬಾಲವೊಂದು ಸೌದೆಯ ಸಂದಿನಲ್ಲಿ ಮಾಯವಾಯಿತು. ಆಮೇಲೆ ಎಷ್ಟೋ ದಿನ ಹಾಲನ್ನಕ್ಕೆ ಇರುವೆ ಮುತ್ತಿದ್ದೇ ಬಂತು.

“ಕಣ್ಣಿಟ್ಟರೆ ಅದೂ ಹಿಡಿತವೇ,” ಎಂದಿತು ಮುರುಕಿವಿ. “ನೋಡಲೇಬೇಕು ಅನ್ನಿಸಿದರೆ ರೆಪ್ಪೆ ಅರ್ಧ ಇಳಿಸು, ನಿಧಾನವಾಗಿ ಮುಚ್ಚು, ನಿಧಾನವಾಗಿ ತೆರೆ. ನಮ್ಮಲ್ಲಿ ಅದೇ ನಮಸ್ಕಾರ.”

ಹೂವಿ ಸದ್ದಾಗಬಾರದೆಂದು ಬಳೆ ತೆಗೆದಿಟ್ಟಳು. ಕೊಡವನ್ನು ನೆಲಕ್ಕೆ ಕುಕ್ಕದೆ ಮೆಲ್ಲಗೆ ಇಡುವುದನ್ನು ಕಲಿತಳು. ತಾಯಿಬೆಕ್ಕು ಮೊದಲು ಅವಳು ಒಳಗಿದ್ದಾಗ ಬಂದು ತಿಂದಿತು, ಆಮೇಲೆ ಬಾವಿಯ ಹತ್ತಿರ ಇದ್ದಾಗ, ಆಮೇಲೆ ಮೆಟ್ಟಿಲ ಆ ತುದಿಯಲ್ಲೇ ಕೂತಿದ್ದಾಗ. ಒಂದು ದಿನ ಹೂವಿ ಮುಖ ಓರೆ ಮಾಡಿ, ರೆಪ್ಪೆ ಇಳಿಸಿ ಎತ್ತಿದಳು. ಬೆಕ್ಕು ತಿನ್ನುವುದನ್ನು ನಿಲ್ಲಿಸಿತು. ಅದೂ ಕಣ್ಣು ಮುಚ್ಚಿ ತೆರೆಯಿತು.

ಅಂದೇ ಸಂಜೆ ಅದು ಉಳಿದೊಂದು ಮರಿಯನ್ನು ಕಚ್ಚಿಕೊಂಡು ಗೋಡೆ ಹಾರಿ ಹೋಯಿತು.

ಹೂವಿ ಗೋಡೆಯ ತನಕ ಓಡಿ ನಿಂತಳು. ಹೋದಾಗ ಹಿಂದೆ ಹೋಗಬಾರದು. ಹಾಗಾಗಿ ಹಿಂದೆ ಹೋಗಲಿಲ್ಲ. ಬೀದಿಯ ಎಲ್ಲ ಮನೆಗಳ ಮುಂದೆಯೂ ನಿಂತು ಒಂದೇ ಮಾತು ಹೇಳಿ ಬಂದಳು: “ನಿಮ್ಮ ಮನೆಗೆ ಒಂದು ಬೂದುಬೆಕ್ಕು ಬಂದರೆ ಓಡಿಸಬೇಡಿ, ಹಿಡಿಯಲೂ ಬೇಡಿ. ಎಲ್ಲಿದೆ ಅಂತ ನನಗೆ ಹೇಳಲೂ ಬೇಡಿ.”

“ನನ್ನ ಗಂಡನ್ನೇ ಅಡುಗೆಮನೆಯಿಂದ ಓಡಿಸೋಕಾಗಿಲ್ಲ, ಬೆಕ್ಕನ್ನೇನು ಓಡಿಸ್ತೀನಿ ಬಿಡೆ,” ಎಂದಳು ಪಕ್ಕದ ಮನೆಯ ಬಾಳವ್ವ. ಆಮೇಲೆ ಹೂವಿಯ ಮುಖ ನೋಡಿ ದನಿ ತಗ್ಗಿಸಿದಳು. “ಏಳು ಮನೆ ಸುತ್ತದೆ ಬೆಕ್ಕಿನ ಮರಿ ಬೆಳೆಯಲ್ಲ ಮಗಳೆ. ಅದು ನಿನ್ನ ಬಿಟ್ಟು ಹೋಗಿಲ್ಲ. ಸುತ್ತಾ ಇದೆ, ಅಷ್ಟೆ.”

ಬೀದಿಯವರು ಹೂವಿಗೆ ಏನೂ ಹೇಳಲಿಲ್ಲ. ಆದರೆ ಒಬ್ಬರ ಅಟ್ಟದ ಕೆಳಗೆ ಒಂದು ಕರಟ ಕಾಣಿಸಿಕೊಂಡಿತು. ಇನ್ನೊಬ್ಬರ ಹುಲ್ಲುಮೆದೆಯ ಪಕ್ಕ ಒಂದು ಹಳೆಯ ಗೋಣಿಚೀಲ. ಮತ್ತೊಬ್ಬರು ಮಳೆ ಬಂದ ದಿನ ಬಾನಿಯನ್ನು ಓರೆಯಾಗಿ ಕವುಚಿಟ್ಟರು. ಹೂವಿ ಅವನ್ನೆಲ್ಲ ಕಂಡೂ ಕಾಣದವಳಂತೆ ದಾಟಿ ಹೋದಳು. ಇಳಿಹೊತ್ತಿನಲ್ಲಿ ಕೋಟೆಯಿಂದ ಕೆಂಚು ಮರಿಯ ಕೂಗು ಇಳಿದು ಬರುತ್ತಿತ್ತು. ಆಗ ಅವಳು ಬಿದಿರು ಸೀಳುವುದನ್ನು ನಿಲ್ಲಿಸಿ, ಅದು ಮುಗಿಯುವ ತನಕ ಕೇಳುತ್ತ ಕೂರುತ್ತಿದ್ದಳು. ಕಿವಿ ಮುಚ್ಚಿಕೊಳ್ಳಲಿಲ್ಲ. ಅದು ಅವಳ ಕೈ ಮಾಡಿದ ಕೆಲಸ.

ಆ ದಿನಗಳಲ್ಲಿ ಅವಳು ಒಂದು ಹೊಸ ಬುಟ್ಟಿ ಹೆಣೆದಳು. ಅಗಲ ಬಾಯಿ, ತಗ್ಗು ಅಂಚು, ಸಿಬಿರು ಚುಚ್ಚದಂತೆ ಒಳಗೆಲ್ಲ ನುಣುಪು. ಅದಕ್ಕೆ ಮುಚ್ಚಳ ಮಾಡಲಿಲ್ಲ. ಚಿಗುರಿಯ ಹಳೆಯ ಸೀರೆಯನ್ನು ಮಡಚಿ ಹಾಸಿ, ಹೊಸ್ತಿಲಿನ ಒಳಗೆ ಇಟ್ಟಳು. ಬಾಗಿಲು ಹಾಕುವುದನ್ನು ಬಿಟ್ಟಳು.

ಒಂದು ಬೆಳಗ್ಗೆ ಅಂಗಳದಂಚಿನಲ್ಲಿ ತಾಯಿಬೆಕ್ಕು ನಿಂತಿತ್ತು. ಬಾಯಲ್ಲಿ ಕಪ್ಪುಬಿಳಿ ಮರಿ. ಆರು ಮನೆ ಸುತ್ತಿ ಬಂದು, ಏಳನೆಯದನ್ನು ಅದು ನೋಡುತ್ತಿತ್ತು. ಹೂವಿ ಒಳಗೆ ನೆಲದ ಮೇಲೆ ಕೂತು, ಕೈಗಳೆರಡನ್ನೂ ಅಂಗಾತ ಮಾಡಿ ಮಡಿಲಲ್ಲಿಟ್ಟುಕೊಂಡಳು. ಬೆಕ್ಕು ಒಂದು ಹೆಜ್ಜೆ ಇಟ್ಟಿತು.

ಆಗಲೇ ಮುಷ್ಟಿರಾಯ ಬಂದ. ಮೇದರ ಬೀದಿಯ ಬೆಕ್ಕಿಗೆ ಮನುಷ್ಯರ ಭಯ ಹೋಗುತ್ತಿದೆ ಎಂಬ ಸುದ್ದಿ ಅವನಿಗೆ ಮುಟ್ಟಿತ್ತು. ಅಂಗಳದ ನಡುವೆ ನಿಂತು ಹೆಬ್ಬೆರಳನ್ನು ಚೂರೇ ಸರಿಸಿದ. ಸಂದಿಯಿಂದ ಕೆಂಚು ಮರಿಯ ತಲೆ ಹೊರಬಂದು ಕೂಗಿತು.

“ಬಾ,” ಎಂದ ಅವನು ತಾಯಿಬೆಕ್ಕಿಗೆ. “ಇದು ಬೇಕಲ್ಲವೆ ನಿನಗೆ?”

ತಾಯಿಬೆಕ್ಕು ಮುಷ್ಟಿಯನ್ನು ನೋಡಿತು, ಮನೆಯನ್ನು ನೋಡಿತು. ಆಮೇಲೆ ಅವಸರವಿಲ್ಲದೆ ಹೊಸ್ತಿಲು ದಾಟಿ, ಬುಟ್ಟಿಯನ್ನು ಮೂಸಿ, ಅದನ್ನೂ ದಾಟಿ ಬಂದು, ಕಪ್ಪುಬಿಳಿ ಮರಿಯನ್ನು ಹೂವಿಯ ಅಂಗೈಯಲ್ಲಿ ಇಟ್ಟಿತು. ಇಟ್ಟು, ಮಾಂತ್ರಿಕನ ಕಡೆಗೆ ತಿರುಗಿತು.

ಬೂದುಬೆನ್ನು ಹೂವಿಯ ಮೊಣಕಾಲಿಗೆ ತಗಲುವಷ್ಟು ಹತ್ತಿರವಿತ್ತು. ಈಗ ಹಿಡಿದರೆ ಉಳಿಸಿಕೊಳ್ಳಬಹುದು ಎಂದಿತು ಅವಳ ಮೈಯೆಲ್ಲ. ಅಪ್ಪನ ಕೈಯನ್ನು ಹೀಗೇ ಹಿಡಿದುಕೊಂಡಿದ್ದಳು, ಅವ್ವನ ಕೈಯನ್ನೂ. ಹಿಡಿದಿದ್ದಂತೆಯೇ ಇಬ್ಬರೂ ಹೋಗಿದ್ದರು. ಇದೇ ಮೂರನೆಯ ಪರೀಕ್ಷೆ ಎಂದು ಹೂವಿಗೆ ತಿಳಿಯಿತು.

“ಹೋಗಿ ಬಾ ತಂಗಿ,” ಎಂದಳು. ಅವಳ ಬೆರಳುಗಳು ಮುಚ್ಚಿಕೊಳ್ಳಲಿಲ್ಲ.

ಹಿಡಿಯದೆ ಮನೆ ತುಂಬಿಸಿಕೊಂಡದ್ದಾಗಿತ್ತು. ಹೊಸ್ತಿಲಿನಿಂದ ಅಂಗಳಕ್ಕೆ ಇಳಿದದ್ದು ಬೆಕ್ಕಲ್ಲ, ಚಿಗುರಿ. ಹೂವಿಯ ಅಂಗೈಯಲ್ಲಿದ್ದ ಮರಿ ಹೆಣ್ಣುಕೂಸಾಗಿ, ಮಡಿಲು ತುಂಬಿಕೊಂಡಿತು.

ಮುಷ್ಟಿರಾಯ ಹೆಬ್ಬೆರಳನ್ನು ಬಿಗಿಯಾಗಿ ಒತ್ತಿಕೊಂಡ. “ಇದು ಮಾತ್ರ ನನ್ನದೇ,” ಎಂದ. “ಈ ಮುಷ್ಟಿ ಬಿಚ್ಚುವವರು ಹುಟ್ಟಿಲ್ಲ.”

“ನಾನು ಬಿಚ್ಚಲ್ಲ ರಾಯರೆ,” ಎಂದಳು ಚಿಗುರಿ. “ನನ್ನ ಕೂಸು ಅಳ್ತಾ ಇದೆ. ಮಲಗಿಸ್ತೀನಿ, ಅಷ್ಟೆ.”

ಅವಳು ಅವನೆದುರು ಕೂತು ಹಾಡಿದಳು. ಎಷ್ಟೋ ದಿನ ಹಾಡದೆ ಗಂಟಲು ಒರಟಾಗಿತ್ತು.

“ಮಲಗು ಮಲಗು ಕಂದ, ಹಿಡಿದದ್ದ ಬಿಡು ಕಂದ,
ಬಿಟ್ಟದ್ದು ಎಲ್ಲೂ ಹೋಗದು, ಬೆಳಗಾದರೆ ಇಲ್ಲೇ ಇರುವುದು.”

ಮುಷ್ಟಿಯೊಳಗಿನ ಅಳು ನಿಂತಿತು. ಮಾಂತ್ರಿಕನ ತಲೆ ತೂಗಿತು. ಹುಟ್ಟಿದಾಗಿನಿಂದ ಅವನಿಗೆ ಯಾರೂ ಜೋಗುಳ ಹಾಡಿರಲಿಲ್ಲ. ಅವನು ನಿಂತಲ್ಲೇ ಕುಸಿದು, ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿದ. ಕಿರುಬೆರಳು ಬಿಚ್ಚಿತು, ಆಮೇಲೆ ಉಂಗುರಬೆರಳು. ಹೀಗೆ ಒಂದೊಂದಾಗಿ ಎಲ್ಲ ಬಿಚ್ಚಿಕೊಂಡವು, ಎಲ್ಲ ಮಕ್ಕಳದೂ ಬಿಚ್ಚಿಕೊಳ್ಳುವ ಹಾಗೆ.

ಮೊದಲು ಕೆಂಚು ಮರಿ ಹೊರಬಂದು ನೆಲ ಮುಟ್ಟುತ್ತಲೇ ಗಂಡುಕೂಸಾಯಿತು. ಆಮೇಲೆ ಗಿಳಿಗಳು ಬಂದವು. ಆಮೇಲೆ ಹಳೆಯ ರಾಜ ಕಣ್ಣುಜ್ಜಿಕೊಳ್ಳುತ್ತ ಬಂದ. ಆನೆ ಬಂದಾಗ ಬಾಳವ್ವನ ಬೇಲಿ ಮುರಿಯಿತು. ಕೊನೆಗೆ ಮಾವಿನ ತೋಪು ಹೊಳೆದಂಡೆಗೆ ಹೋಗಿ ತನ್ನ ಜಾಗದಲ್ಲಿ ನಿಂತಿತು.

“ಇಷ್ಟೇನಾ?” ಎಂದಿತು ಗೋಡೆಯ ಮೇಲಿನಿಂದ ಮುರುಕಿವಿ.

ಹೂವಿ ಒಳಗೆ ಹೋಗಿ ಎರಡು ಮೀನಿನ ತಲೆ ತಂದಿಟ್ಟಳು.

ಮುಷ್ಟಿರಾಯ ಎಚ್ಚರಗೊಂಡಾಗ ಬರಿಯ ಮುದುಕನಾಗಿದ್ದ. ಮುಷ್ಟಿ ಕಟ್ಟುವುದು ಅವನಿಗೆ ಮರೆತೇಹೋಗಿತ್ತು. ಅಂಗೈ ತೆರೆದಿದ್ದರೆ ಸಾಕಾಗುವ ಕೆಲಸವೊಂದನ್ನು ರಾಜ ಅವನಿಗೆ ಕೊಟ್ಟ. ಪ್ರತಿ ಬೆಳಗ್ಗೆ ಬೀದಿಯ ಕರಟಗಳಿಗೆ ಹಾಲನ್ನ ಇಟ್ಟು, ಮುಖ ತಿರುಗಿಸಿ ಕೂರುವುದು. ಮೊದಮೊದಲು ಬೆಕ್ಕುಗಳು ಅವನನ್ನು ನಂಬಲಿಲ್ಲ. ಅವನು ಕಾದ.

ಮಳೆಗಾಲಕ್ಕೆ ಮುಂಚೆ ತೆಪ್ಪದವನು ಮರಳಿ ಬಂದ. ಮಕ್ಕಳು ಬುಟ್ಟಿಯ ಅಂಚು ಹಿಡಿದು ನಿಲ್ಲುವಷ್ಟಾದವು. ಚಿಗುರಿ ತೊಟ್ಟಿಲನ್ನು ಆಗಾಗ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುತ್ತಿದ್ದಳು. ಏಕೆಂದು ಯಾರೂ ಕೇಳಲಿಲ್ಲ. ದೂರ ಕೂತ ಅಕ್ಕನ ಕಡೆ ನೋಡಿ ಅವಳು ಕೆಲವೊಮ್ಮೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಹೂವಿಯೂ ಹಾಗೇ ಮಾಡುತ್ತಿದ್ದಳು.

ಅವರು ಅಲ್ಲಿ ಬಾಗಿಲು ತೆರೆದಿಟ್ಟುಕೊಂಡು ಸುಖವಾಗಿ ಬಾಳಿದರು. ಅವರ ಮನೆಯ ಹಾಲು ಉಕ್ಕಲಿ. ನಮ್ಮ ಹಿತ್ತಿಲ ಬೆಕ್ಕೂ ಕುಡಿಯಲಿ.